ಹೊಳೆಮೀನುಗಳ ಶಾನುಭೋಗ ಫ್ರಾನ್ಸಿಸ್ ಡೇ

ಮಲೆನಾಡಿನಲ್ಲಿ ಮುಂಗಾರಿನ ಜಡಿಮಳೆ ಹಿಡಿದು ಹಳ್ಳಕೊಳ್ಳಗಳು ಕೆನ್ನೀರಿನಿಂದ ತುಂಬಿ ಹರಿಯತೊಡಗಿದೊಡನೆ ಹೊಳೆಯ ಮೀನುಗಳು ಪ್ರವಾಹಕ್ಕೆ ಎದುರಾಗಿ ಮೇಲೇರತೊಡಗುತ್ತವೆ. ಹತ್ತುಮೀನು ಎಂದು ಅಲ್ಲಿಯ ಜನ ಕರೆಯುವ ಈ ಮೀನುಗಳು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ತೋಡಿಗೆ, ತೋಡಿನಿಂದ ಗದ್ದೆಯ ಅಂಚಿಗೆ ಬಂದು ಮೊಟ್ಟೆಯಿಡುತ್ತವೆ; ಮಳೆ ಹಿಂಜರಿಯುವ ಹೊತ್ತಿಗೆ ತಾವೂ ತಮ್ಮ ಸಂತತಿಯೂ ಇಳಿದು ಮತ್ತೆ ಹೊಳೆಯನ್ನು ಸೇರುತ್ತವೆ. ಹಳ್ಳಿಯ ಹುಡುಗರಿಗೂ ಗೊತ್ತಿರುವ ಸಂಗತಿ ಇದು. ಗದ್ದೆಯ ಬಾಯಿಗೆ ಕೂಣಿ ಒಡ್ಡುವವನು ಇದನ್ನು ಯಾವ ಗ್ರಂಥದಿಂದಲೂ ಕಲಿಯಬೇಕಾಗಿರಲಿಲ್ಲ. ಆದರೆ ಹಳ್ಳಿಗೆ ಗೊತ್ತಿದ್ದುದೆಲ್ಲ ಸರ್ಕಾರಕ್ಕೂ ಗೊತ್ತಿರಬೇಕೆಂದೇನೂ ಇಲ್ಲವಷ್ಟೆ. ನದಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದರೆ ಈ ಏರಿಳಿತದ ಗತಿಯೇನು, ಕೆರೆಯಲ್ಲಿಯೇ ಹುಟ್ಟಿ ಕೆರೆಯಲ್ಲಿಯೇ ಸಾಯುವ ಮೀನಿನ ಗತಿಯೇನು, ಎರಡರಿಂದಲೂ ಹೊಟ್ಟೆ ಹೊರೆಯುವ ಜನರ ಗತಿಯೇನು ಎಂಬ ಪ್ರಶ್ನೆಗಳನ್ನು ಕಡತಕ್ಕೆ ತಂದು, ಉತ್ತರವನ್ನರಸಿ ಹಿಂದೂದೇಶ ಮತ್ತು ಬರ್ಮಾಗಳ ನದಿ, ಕೆರೆ, ಕಾಲುವೆ, ಸಂತೆಗಳ ಲೆಕ್ಕವನ್ನು ಕೂಡಿಸಿದವನು ಒಬ್ಬ ಶಸ್ತ್ರವೈದ್ಯ. ಆತನ ಹೆಸರು ಫ್ರಾನ್ಸಿಸ್ ಡೇ. ಮತ್ಸ್ಯಶಾಸ್ತ್ರವನ್ನು ಓದುವವರಿಗೆ ಈ ಹೆಸರು ನಿತ್ಯದ್ದು. ಸಾಹಿತ್ಯದ ಓದುಗರು ಆತನನ್ನು ಅಷ್ಟಾಗಿ ಅರಿಯರು.

ಡೇ ಹುಟ್ಟಿದುದು 1829ರ ಮಾರ್ಚ್ 2ರಂದು, ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಮೇರ್ಸ್‌ಫೀಲ್ಡ್ ಎಂಬ ಊರಿನಲ್ಲಿ. ಶ್ರೂಸ್‌ಬರಿಯ ಹೆಸರಾಂತ ಶಾಲೆಯಲ್ಲಿ ಓದಿ, ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ವೈದ್ಯವನ್ನು ಕಲಿತು, 1851ರಲ್ಲಿ ಶಸ್ತ್ರವೈದ್ಯನ ಅರ್ಹತೆಯನ್ನು ಪಡೆದನು. ಮರುವರ್ಷವೇ ಕುಂಪಣಿ ಸರ್ಕಾರದ ಮದರಾಸು ಸೈನ್ಯದ ವೈದ್ಯಶಾಖೆಯನ್ನು ಸೇರಿ ಕಡಲು ದಾಟಿದನು. ಬಂದುದೇ ತಡ, ಎರಡನೆಯ ಬರ್ಮಾ ಯುದ್ಧ ಆತನನ್ನು ಐರಾವತಿಯ ದಡಕ್ಕೆ ಒಯ್ದಿತು. 1857ರಲ್ಲಿ ಎಮ್ಮಾ ಕವಿ ಎಂಬಾಕೆಯನ್ನು ಮದುವೆಯಾದನು. ಇಷ್ಟರವರೆಗೆ ಆತನ ಜೀವನ ಕುಂಪಣಿಯ ನೂರಾರು ವೈದ್ಯರ ಜೀವನದಂತೆಯೇ ಇದೆ.

ಆ ವೈದ್ಯರ ಪರಂಪರೆಯ ಬಗ್ಗೆ ಒಂದು ಮಾತು ಹೇಳಬೇಕು. ರೋಗಿಗಳನ್ನು ನೋಡಿ ಮುಗಿದ ಮೇಲೆ ಉಳಿಯುತ್ತಿದ್ದ ಹೊತ್ತನ್ನು ಅವರಲ್ಲಿ ಹಲವರು ಗಿಡಮರಗಳಿಗೋ ಹಕ್ಕಿಗಳಿಗೋ ಹಾವುಗಳಿಗೋ ಮುಡಿಪಾಗಿಟ್ಟರು. 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ನಮಗೆ ಸುಪರಿಚಿತನೇ. ಆತನೇ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಿಂದ 1822ರಲ್ಲಿ ಗಂಗಾನದಿಯ ಮೀನುಗಳ ಗ್ರಂಥವನ್ನು ಪ್ರಕಟಿಸಿದವನು. ದಕ್ಷಿಣದ ಹೊಳೆಮೀನುಗಳನ್ನು 1849ರಲ್ಲಿ ವಿವರಿಸಿದ ಜೆರ್ಡನನೂ ಮದರಾಸಿನ ವೈದ್ಯನೇ. ಡೇ ಇವರ ಹಿಂದೆ ಬಂದವನು. ಆದರೆ ಅವರಿಬ್ಬರೂ ಮೀನು ಯಾವುದು ಎಂದು ಕೇಳಿದ ಎಡೆಯಲ್ಲಿ ಈತ, ಮೀನು ಎಷ್ಟಿದೆ, ಏಕೆ ಕಡಮೆಯಾಗುತ್ತಿದೆ ಎಂದೂ ಕೇಳಿದನು. ಆತನ ಜೀವನಕ್ಕೆ ವಿಶೇಷ ಅರ್ಥ ಬಂದುದು ಈ ಎರಡನೆಯ ಪ್ರಶ್ನೆಯಿಂದ.

ಮೀನಿನ ಗೀಳು ಆತನಿಗೆ ಹತ್ತಿದುದು ಕೊಚ್ಚಿಯಲ್ಲಿ. ಹಿನ್ನೀರು, ಕಡಲು, ಗದ್ದೆ, ತೋಡುಗಳು ಒಂದರೊಳಗೊಂದು ಹೆಣೆದುಕೊಂಡಿರುವ ಆ ನೆಲದಲ್ಲಿ ಮೀನನ್ನು ನೋಡದೆ ಒಂದು ದಿನವನ್ನೂ ಕಳೆಯುವುದು ಶಕ್ಯವಿಲ್ಲ. ಕೊಚ್ಚಿಯ ಚರಿತ್ರೆ, ಜನಜೀವನಗಳನ್ನು ಕುರಿತು 1863ರಲ್ಲಿ ಒಂದು ದೊಡ್ಡ ಪುಸ್ತಕವನ್ನು ಬರೆದನು. 1865ರಲ್ಲಿ ಮಲಬಾರಿನ ಮೀನುಗಳ ಮೇಲೆ ಇನ್ನೊಂದನ್ನು. ಈ ಎರಡು ವರ್ಷಗಳ ಅಂತರದಲ್ಲಿ ಹವ್ಯಾಸಿ ಶಾಸ್ತ್ರಜ್ಞನಾಗಿ ಮಾರ್ಪಟ್ಟಿದ್ದನು. ನೀಲಗಿರಿಯ ತಣ್ಣೀರಿನ ತೊರೆಗಳಿಗೆ ವಿಲಾಯಿತಿಯ ಟ್ರೌಟ್ ಮೀನನ್ನು ತರುವ ಹುಚ್ಚೂ ಆಗ ಹಿಡಿದಿತ್ತು. ಹಡಗಿನಲ್ಲಿ ಮೊಟ್ಟೆಗಳನ್ನು ತರಿಸುವ ಆ ಯತ್ನ ವಿಫಲವಾಯಿತು. ಉದಕಮಂಡಲದಲ್ಲಿ ಟ್ರೌಟ್ ನೆಲೆಯೂರಿದುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಬೇರೆಯವರ ಕೈಯಲ್ಲಿ. ನಾಡಿನ ಮೀನುಗಳ ಪರವಾಗಿ ಅಷ್ಟೊಂದು ದುಡಿದವನೇ ಹೊರಗಿನ ಮೀನನ್ನು ತಂದು ಬಿಡಲು ಹೊರಟುದು ಇಂದಿನ ಕಣ್ಣಿಗೆ ವಿಚಿತ್ರವಾಗಿ ಕಾಣುತ್ತದೆ. ಆ ಕಾಲಕ್ಕೆ ಅದು ಲೋಕೋಪಕಾರವೆನಿಸಿತ್ತು.

ಇನ್ನು ಆತನ ಬಾಳಿನ ತಿರುವಿಗೆ ಬರೋಣ. ಅದಕ್ಕೆ ಕಾರಣನಾದವನು ಸರ್ ಆರ್ಥರ್ ಕಾಟನ್ ಎಂಬುದೇ ಒಂದು ಸ್ವಾರಸ್ಯ. ಕೊಳ್ಳಿಡಂ ನದಿಗೆ 1836ರಲ್ಲಿ ಅಣೆಕಟ್ಟು ಕಟ್ಟಿಸಿ ತಂಜಾವೂರಿನ ಗದ್ದೆಗಳನ್ನು ಉಳಿಸಿದವನು, 1847ರಿಂದ 1852ರವರೆಗೆ ಧವಳೇಶ್ವರದಲ್ಲಿ ಗೋದಾವರಿಯನ್ನು ತಡೆದು ಬರಪೀಡಿತ ಸೀಮೆಯನ್ನು ಅನ್ನದ ಕಣಜವಾಗಿಸಿದವನು ಆ ಕಾಟನ್. ಆಂಧ್ರದ ಜನ ಇಂದಿಗೂ ಆತನ ಪ್ರತಿಮೆಗಳಿಗೆ ಹಾರ ಹಾಕುತ್ತಾರೆ. ತಾನು ಕಟ್ಟಿದ ಕಟ್ಟೆಗಳಿಂದ ಮೀನಿಗೆ ಕೇಡಾಗಿರಬಹುದೆಂಬ ಸಂಶಯವನ್ನು 1867ರ ಸುಮಾರಿಗೆ ಲಂಡನ್ನಿನ ಸರ್ಕಾರದ ಮುಂದಿಟ್ಟವನೂ ಅವನೇ. ತಾನು ಕಟ್ಟಿದುದರ ಇನ್ನೊಂದು ಮುಖವನ್ನು ತಾನೇ ತೋರಿಸಿಕೊಟ್ಟ ಇಂಜಿನಿಯರುಗಳು ಚರಿತ್ರೆಯಲ್ಲಿ ಬಹಳ ಮಂದಿ ಸಿಗಲಾರರು. ಸಂಶಯದ ಕಾಗದ ಮದರಾಸಿಗೆ ಬಂದಾಗ ಅದನ್ನು ವಿಚಾರಿಸಿ ಹೇಳಬಲ್ಲ ಮನುಷ್ಯನೆಂದು ಸರ್ಕಾರಕ್ಕೆ ತೋರಿದವನು ಡೇ.

ಸಂಶಯ ಮುಖ್ಯವಾಗಿ ಹಿಲ್ಸಾ ಮೀನನ್ನು ಕುರಿತದ್ದು. ಬಂಗಾಳಿಗಳ ಇಲಿಶ್, ತೆಲುಗರ ಪುಲಸ ಇದೇ. ಬಾಳೆಲ್ಲ ಕಡಲಿನಲ್ಲಿದ್ದು, ನದಿಗೆ ಹೊಸನೀರು ಬಂದಾಗ ಅಳಿವೆಯನ್ನು ಹೊಕ್ಕು ಮೇಲೇರಿ ಸಿಹಿನೀರಿನಲ್ಲಿ ಮೊಟ್ಟೆಯಿಡುವುದು ಇದರ ಕ್ರಮ. ಕಟ್ಟೆಯ ಬುಡಕ್ಕೆ ಬಂದು ಮುಟ್ಟಿದ ಹಿಲ್ಸಾ ಮುಂದೆ ಹೋಗಲಾರದು. ಹಿಂದೆ ಹೋಗಲು ಅದರ ಸ್ವಭಾವ ಬಿಡದು. ಹಾಗೆ ಗುಂಪುಗುಂಪಾಗಿ ನಿಂತ ಮೀನನ್ನು ಬಲೆ, ಬುಟ್ಟಿ, ಕೋಲುಗಳಿಂದ ಬಾಚಿಕೊಳ್ಳುವುದು ಸುಲಭ. ಒಂದೆರಡು ವರ್ಷ ಕಟ್ಟೆಯ ಕೆಳಗಿನ ಬೆಸ್ತರಿಗೆ ಸುಗ್ಗಿ. ಅನಂತರ ಮೊಟ್ಟೆಯಿಡದ ಪೀಳಿಗೆಯ ಫಲವಾಗಿ ನದಿಯೂ ಅಳಿವೆಯೂ ಬರಿದು. ಕಟ್ಟೆಯ ಕೆಳಗೆ ಇರಿಸಿದ ತೂಬುಗಳ ಮೂಲಕ ಮೀನು ಹತ್ತಲಾರದೇಕೆ ಎಂದು ಕೆಲವು ಇಂಜಿನಿಯರುಗಳು ವಾದಿಸುತ್ತಿದ್ದರು. ಇಕ್ಕಟ್ಟಾದ ತೂಬಿನಲ್ಲಿ ನುಗ್ಗುವ ನೀರಿನ ಸೆಳವು ಎಂಥ ಬಲಿಷ್ಠ ಮೀನನ್ನೂ ಹಿಂದಕ್ಕೆ ಎಸೆಯುತ್ತದೆ ಎಂಬುದನ್ನು ಡೇ ಮನಗಂಡನು. ಮೀನಿಗೆ ಬೇಕಾದುದು ಅಗಲವಾದ, ಹದವಾದ ಹರಿವುಳ್ಳ ದಾರಿ. ಕಟ್ಟೆ ಕಟ್ಟುವಾಗಲೇ ಅದನ್ನು ಬಿಟ್ಟಿರಬೇಕು ಎಂಬುದು ಆತನ ನಿಲುವು.

ಕಾಲುವೆಯ ವಿಷಯವೂ ಬಂತು. ನದಿಯಿಂದ ಕಾಲುವೆಗೆ ತಿರುಗಿದ ನೀರಿನೊಡನೆ ಮೀನೂ ತಿರುಗುತ್ತದೆ. ಹೂಳೆತ್ತಲು ಕಾಲುವೆಯ ಬಾಯನ್ನು ಮುಚ್ಚಿದಾಗ ಒಳಗಿದ್ದ ಮೀನುಗಳೆಲ್ಲ ಒಣಗುವ ಗುಂಡಿಗಳಲ್ಲಿ ಸಿಕ್ಕಿಕೊಂಡು ಸಾಯುತ್ತವೆ, ಇಲ್ಲವೆ ಸಿಕ್ಕವರ ಪಾಲಾಗುತ್ತವೆ. ನೀರನ್ನು ಗದ್ದೆಗೆ ಹಂಚುವ ಯೋಜನೆಯಲ್ಲಿ ಮೀನಿನ ಲೆಕ್ಕವನ್ನೂ ಒಂದು ಬಾಬತ್ತಾಗಿ ಬರೆದುಕೊಳ್ಳಬೇಕೆಂಬ ಮಾತನ್ನು ಅಷ್ಟು ವಿವರವಾಗಿ ಆಗಿನ ಕಾಲದಲ್ಲಿ ಮತ್ತಾರು ಮುಂದಿಟ್ಟಂತೆ ತೋರುವುದಿಲ್ಲ.

ಮದರಾಸು ಪ್ರಾಂತದ ನದಿಗಳಿಂದ ಮೊದಲಾದ ಈ ವಿಚಾರಣೆ ಒರಿಸ್ಸಾಕ್ಕೆ ಹಬ್ಬಿತು, ಬರ್ಮಾಕ್ಕೆ ಹಬ್ಬಿತು. ಅಂಡಮಾನ್ ದ್ವೀಪಗಳಿಗೂ ಡೇ ಹೋಗಿಬಂದನು. 1871ರಲ್ಲಿ ಹಿಂದೂದೇಶದ ಮೀನುಗಾರಿಕೆಯ ಇನ್‌ಸ್ಪೆಕ್ಟರ್ ಜನರಲ್ ಎಂಬ ಪದವಿ ಆತನಿಗಾಗಿ ನಿರ್ಮಾಣವಾಯಿತು. ಪದವಿಯ ಹೆಸರು ದೊಡ್ಡದು, ಕೈಕೆಳಗಿನ ಪರಿವಾರ ಅಷ್ಟು ದೊಡ್ಡದಲ್ಲ. ಎಲ್ಲ ನದಿಗಳನ್ನೂ ತಾನೊಬ್ಬನೇ ನೋಡಲಾಗದ ಕಾರಣ ಆತನು ಅನುಸರಿಸಿದ ದಾರಿ ಗಮನಾರ್ಹವಾದುದು. ಜಿಲ್ಲೆಯ ಕಲೆಕ್ಟರಿನಿಂದ ಹಿಡಿದು ತಹಸೀಲ್ದಾರನವರೆಗೆ ಪ್ರಶ್ನೆಗಳ ಪಟ್ಟಿಯನ್ನು ಕಳುಹಿಸಿದನು. ನಿಮ್ಮ ಸೀಮೆಯಲ್ಲಿ ಮೀನು ಹಿಡಿಯುವವರು ಯಾವ ಜಾತಿಯವರು, ಅವರಿಗೆ ಅದೊಂದೇ ಕಸುಬೋ ಬೇಸಾಯವೂ ಉಂಟೋ, ಸಂತೆಗೆ ಬೇಕಾದಷ್ಟು ಮೀನು ಬರುತ್ತದೆಯೋ, ಜನರಲ್ಲಿ ಎಷ್ಟು ಪಾಲು ಮೀನು ತಿನ್ನುವವರು, ಬಲೆಯ ಕಣ್ಣು ಎಷ್ಟು ಸಣ್ಣದು, ಮಳೆಗಾಲದಲ್ಲಿ ಗದ್ದೆಗಳಲ್ಲಿ ಮರಿಗಳನ್ನು ಹಿಡಿಯುತ್ತಾರೆಯೋ, ನೀರಿಗೆ ವಿಷ ಹಾಕುವ ಪದ್ಧತಿ ಇದೆಯೋ, ಮೊದಲಿಗಿಂತ ಮೀನು ಹೆಚ್ಚಿದೆಯೋ ತಗ್ಗಿದೆಯೋ? ಹೀಗೆ ಸಾಗುತ್ತದೆ ಆ ಪಟ್ಟಿ. ಕಂದಾಯದ ಲೆಕ್ಕಕ್ಕಲ್ಲದೆ ಬೇರೇತಕ್ಕೂ ತಲೆ ಕೆಡಿಸಿಕೊಳ್ಳದ ಕಚೇರಿಗಳಲ್ಲಿ ಈ ಕಾಗದ ಎಂಥ ಬೆರಗನ್ನುಂಟುಮಾಡಿರಬೇಕೆಂದು ಊಹಿಸಬಹುದು. ಆದರೂ ಉತ್ತರಗಳು ಬಂದವು. ನಾಡಿನ ಮೂಲೆಮೂಲೆಗಳ ಮೀನಿನ ಹೆಸರುಗಳು, ಅವುಗಳೊಳಗೆ ಕನ್ನಡದ ಹೆಸರುಗಳೂ, ರೋಮನ್ ಅಕ್ಷರದ ಇಕ್ಕಟ್ಟಿನಲ್ಲಿ ಸಿಕ್ಕು ತುಸು ಉರುಟಾಗಿಯೇ ಆತನ ಪುಟಗಳನ್ನು ಸೇರಿದವು.

ಉತ್ತರಗಳನ್ನು ತಾನು ಕಂಡುದರೊಡನೆ ಒರೆಗೆ ಹಚ್ಚಿ ಡೇ ಸಿಹಿನೀರಿನ ಮೀನುಗಳ ಬಾಳನ್ನು ಮೂರು ಬಗೆಯಾಗಿ ಬೇರ್ಪಡಿಸಿದನು. ಹಿಲ್ಸಾದಂತೆ ಕಡಲಿನಿಂದ ಏರಿ ಬರುವುವು ಒಂದು ಬಗೆ. ಮಹಸೀರ್ ಮುಂತಾದ ದೊಡ್ಡ ಗೆಂಡೆಗಳಂತೆ ಬಯಲಿನ ನದಿಯಿಂದ ಮಲೆಯ ತೊರೆಗಳಿಗೆ ಏರಿ ಮೊಟ್ಟೆಯಿಟ್ಟು ಇಳಿಯುವುವು ಇನ್ನೊಂದು. ಇದ್ದಲ್ಲಿಯೇ, ಕೆರೆಯಲ್ಲಿಯೋ ಮಡುವಿನಲ್ಲಿಯೋ ಕೆಸರಿನಲ್ಲಿಯೋ, ಹುಟ್ಟಿ ಬೆಳೆದು ಸಂತಾನ ಮಾಡಿಕೊಳ್ಳುವ ನೆಲೆಯ ಮೀನುಗಳು ಮೂರನೆಯವು. ಒಂದೊಂದು ಬಗೆಗೆ ಒಂದೊಂದು ಬಗೆಯ ಕೇಡು. ಆದಕಾರಣ ಒಂದೊಂದಕ್ಕೆ ಒಂದೊಂದು ಬಗೆಯ ರಕ್ಷಣೆ. ಮೊದಲನೆಯದಕ್ಕೆ ಕಟ್ಟೆಯಲ್ಲಿ ದಾರಿ ಬೇಕು, ಎರಡನೆಯದಕ್ಕೆ ಮೇಲ್ಗಡೆಯ ತೊರೆಗಳು ಕೆಡದಿರಬೇಕು, ಮೂರನೆಯದಕ್ಕೆ ಬೇಸಗೆಯಲ್ಲಿ ಒಂದಷ್ಟು ನೀರು ಉಳಿದಿರಬೇಕು. ಇಂದು ಜಲಾನಯನ ಪ್ರದೇಶವೆಂದು ನಾವು ಕರೆಯುವ ಸಮಗ್ರ ಕಲ್ಪನೆ ಆತನಿಗೆ ಇರಲಿಲ್ಲವಾದರೂ, ಮಲೆಯ ತೊರೆಗೂ ಅಳಿವೆಯ ಬಲೆಗೂ ಇರುವ ನಂಟನ್ನು ಆತನು ಮೀನಿನ ಬೆನ್ನು ಹತ್ತಿಯೇ ಕಂಡುಕೊಂಡನು.

ನೆಲೆಯ ಮೀನುಗಳ ವಿಷಯದಲ್ಲಿ ಆತನಿಗಿದ್ದ ಕುತೂಹಲ ಕಥೆಯಂತಿದೆ. ಹಾವಿನ ತಲೆಯಂಥ ತಲೆಯುಳ್ಳ ಕೊರವ ಮೀನು ನೀರಿಲ್ಲದೆಡೆಯಲ್ಲಿಯೂ ಬಹಳ ಹೊತ್ತು ಬದುಕುವುದನ್ನು ನಮ್ಮ ಸಂತೆಗಳಲ್ಲಿ ಯಾರೂ ಕಾಣಬಹುದು. ಇದು ಕಿವಿರಿನಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದಲೋ, ನೇರವಾಗಿ ಗಾಳಿಯನ್ನು ಉಸಿರಾಡುವುದರಿಂದಲೋ ಎಂಬ ವಾದ ಪಂಡಿತರಲ್ಲಿತ್ತು. ಡೇ ಮಾಡಿದ ಪರೀಕ್ಷೆ ಸರಳವಾದುದು. ಮೀನನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ಹೊರಗಿಟ್ಟನು, ಅದು ಬದುಕಿತು. ಇನ್ನೊಂದನ್ನು ನೀರಿನೊಳಗೇ ಬಿಟ್ಟು, ಮೇಲ್ಮೈಗೆ ಬಾರದಂತೆ ಅಡ್ಡಲಾಗಿ ಬಟ್ಟೆಯನ್ನು ಬಿಗಿದನು, ಅದು ಸತ್ತಿತು. ನೀರಿನಲ್ಲಿ ಮುಳುಗಿ ಸಾಯುವ ಮೀನು! ಬತ್ತುವ ಕೆರೆಗಳ ಈ ನಾಡಿನಲ್ಲಿ ಇಂಥ ಮೀನುಗಳು ಹೇಗೆ ಉಳಿದುಬಂದವೆಂಬುದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ.

ಕನ್ನಡಿಗರಿಗೆ ಈ ಚರಿತ್ರೆಯಲ್ಲಿ ಹೆಚ್ಚು ಆಸಕ್ತಿ ಹುಟ್ಟಿಸುವ ಭಾಗ ದಕ್ಷಿಣ ಕನ್ನಡಕ್ಕೆ ಸೇರಿದುದು. ಆಗ ಆ ಜಿಲ್ಲೆಯ ಆಡಳಿತದಲ್ಲಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಅಧಿಕಾರಿ ಗಾಳ ಹಾಕುವುದರಲ್ಲಿ ಪಳಗಿದವನು. ಘಟ್ಟದಿಂದಿಳಿಯುವ ಆ ಜಿಲ್ಲೆಯ ಚಿಕ್ಕ ಚೊಕ್ಕ ನದಿಗಳು ಆತನಿಗೆ ಬಿಡುವಿನ ವಿನೋದ. ವಿನೋದದ ನಡುವೆಯೂ ಆತನ ಕಣ್ಣು ಚುರುಕಾಗಿತ್ತು. ಬೇಸಗೆಯಲ್ಲಿ ನದಿ ಮಡುಮಡುವಾಗಿ ಒಡೆದಾಗ ಕಾರೆಕಾಯಿ ಮೊದಲಾದ ನಂಜಿನ ಕಾಯಿಗಳನ್ನು ಜಜ್ಜಿ ನೀರಿಗೆ ಕದಡುವುದನ್ನೂ, ಬೆರಳುದ್ದದ ಮರಿಗಳನ್ನು ಬುಟ್ಟಿಗಟ್ಟಲೆ ಬಾಚುವುದನ್ನೂ ಆತ ಕಂಡನು. ಮಹಸೀರ್ ಮೀನಿನ ಮೊಟ್ಟೆಗಳನ್ನು ಎಣಿಸಿದನು. ಆ ಜಿಲ್ಲೆಯ ಮೀನಿನ ಸಾಕಣೆ ಮತ್ತು ರಕ್ಷಣೆಯ ಮೇಲೆ ಆತ ಬರೆದ ವರದಿ 1870ರಲ್ಲಿ ಪ್ರಕಟವಾಯಿತು. ಗಾಳದ ಮೀನುಗಾರಿಕೆಯನ್ನು ಕುರಿತ ಆತನ ಪುಸ್ತಕ 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ಡೇಯಂತೆ ಶಾಸ್ತ್ರಜ್ಞನಲ್ಲದಿದ್ದರೂ ಡೇಗೆ ಒದಗಿದ ಉತ್ತಮ ಸಹಾಯಕರಲ್ಲಿ ಈತನೊಬ್ಬ.

ಘಟ್ಟದ ಇಳಿಜಾರಿನ ನದಿಗಳಲ್ಲಿ ಬೇರೆಲ್ಲಿಯೂ ಕಾಣದ ಮೀನುಗಳಿದ್ದವು. ಅಲ್ಲಿಂದ ಬಂದ ಒಂದು ಕೆಂಪು ಗೆಂಡೆಗೆ ಡೇ 1874ರಲ್ಲಿ ಥಾಮಸನ ಹೆಸರನ್ನೇ ಇಟ್ಟನು. 1877ರಲ್ಲಿ ವಿವರಿಸಿದ, ಮೈಮೇಲೆ ಮುತ್ತಿನಂಥ ಚುಕ್ಕೆಗಳುಳ್ಳ ಒಂದು ಮೀನಿಗೆ ಕೆನರೆನ್ಸಿಸ್ ಎಂದು ಹೆಸರಿಟ್ಟನು. ಕನ್ನಡ ಜಿಲ್ಲೆಯ ಹೆಸರು ಲ್ಯಾಟಿನ್ ಪ್ರತ್ಯಯವನ್ನು ತೊಟ್ಟು ಜಗತ್ತಿನ ಮತ್ಸ್ಯಕೋಶವನ್ನು ಸೇರಿದುದು ಹೀಗೆ. ದೇವಾಲಯಗಳ ಮಡುಗಳಲ್ಲಿ ಮೀನನ್ನು ಹಿಡಿಯದೆ ಅಕ್ಕಿ, ಪುರಿ ಹಾಕಿ ಸಾಕುವ ನಮ್ಮವರ ಪದ್ಧತಿ ಈ ಅಧಿಕಾರಿಗಳಿಗೆ ಆಶ್ಚರ್ಯವನ್ನೂ ಸಮಾಧಾನವನ್ನೂ ತಂದಿರಬೇಕು. ಶೃಂಗೇರಿಯ ತುಂಗೆಯಲ್ಲಿ, ಬೆಳ್ತಂಗಡಿ ತಾಲೂಕಿನ ಶಿಶಿಲದ ಕಪಿಲೆಯಲ್ಲಿ ಆ ಪದ್ಧತಿ ಇಂದಿಗೂ ಉಳಿದಿದೆ. ಶಿಶಿಲದ ಮೀನುಗಳಿಗೆ 1996ರಲ್ಲಿ ಯಾರೋ ವಿಷವಿಕ್ಕಿ ಕೊಂದರು. ಸತ್ತ ಮೀನುಗಳಿಗಾಗಿ ಅಲ್ಲಿ ಒಂದು ಸ್ಮಾರಕವನ್ನು ಕಟ್ಟಿದ್ದಾರೆ.

ಮೀನಿನ ವಿದ್ಯೆ ನಮಗೆ ಹೊರಗಿನಿಂದ ಬಂತೆಂದು ಭಾವಿಸಬೇಕಾಗಿಲ್ಲ ಎಂಬುದನ್ನೂ ಇಲ್ಲಿ ನೆನೆಯಬಹುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಒಂದು ಪ್ರಕರಣವೇ ಇದೆ. ಮೀನುಗಳ ಜಾತಿ, ನೆಲೆ, ಮೇವು, ಗಾಳಗಳ ವಿಚಾರ ಅಲ್ಲಿದೆ. ಡೇ ಅದನ್ನು ಬಲ್ಲವನಾಗಿದ್ದಂತೆ ಕಾಣದು. ಅದನ್ನು ಮತ್ಸ್ಯಶಾಸ್ತ್ರಜ್ಞನ ಕಣ್ಣಿನಿಂದ ಓದಿ 1951ರಲ್ಲಿ ಬರೆದವರು ಸುಂದರಲಾಲ್ ಹೋರಾ.

1873ರಲ್ಲಿ ಡೇಯ ಮಹಾವರದಿ ಕಲ್ಕತ್ತೆಯಲ್ಲಿ ಹೊರಬಿತ್ತು. ಆ ವರ್ಷ ಆತನ ಮನೆಯಲ್ಲಿ ಕತ್ತಲೆ ಕವಿದಿತ್ತು. ವಿಚಾರಣೆಯ ಓಡಾಟದ ನಡುವೆ, 1869ರಲ್ಲಿ, ಎಮ್ಮಾ ತೀರಿಕೊಂಡಿದ್ದಳು. 1872ರಲ್ಲಿ ಕೈಹಿಡಿದ ಎಮಿಲಿ ಒಂದು ವರ್ಷ ಕಳೆಯುವಷ್ಟರಲ್ಲಿ ಆಕೆಯನ್ನು ಹಿಂಬಾಲಿಸಿದಳು. ವರದಿಯ ಪುಟಗಳಲ್ಲಿ ಈ ದುಃಖದ ಸುಳಿವೇ ಇಲ್ಲ. ಅಲ್ಲಿರುವುದೆಲ್ಲ ನದಿಗಳು, ಬಲೆಗಳು, ಅಂಕಿಗಳು.

ವರದಿ ಹೇಳಿದುದನ್ನು ಸಂಗ್ರಹಿಸುವುದು ಕಷ್ಟವಲ್ಲ. ಕಟ್ಟೆಗಳಲ್ಲಿ ಮೀನಿಗೆ ದಾರಿ ಬಿಡಬೇಕು. ಬಲೆಯ ಕಣ್ಣಿಗೆ ಒಂದು ಕನಿಷ್ಠ ಅಳತೆಯನ್ನು ಗೊತ್ತುಮಾಡಬೇಕು. ವಿಷವನ್ನು ನಿಲ್ಲಿಸಬೇಕು, ಮೊಟ್ಟೆಯಿಡುವ ಕಾಲದಲ್ಲಿ ಚಿಕ್ಕ ತೊರೆಗಳನ್ನು ಕಟ್ಟಿ ಮೀನನ್ನು ಬಸಿದುಕೊಳ್ಳುವುದನ್ನೂ ನಿಲ್ಲಿಸಬೇಕು. ಇನ್ನೊಂದು ಮಾತನ್ನು ಆತ ಒತ್ತಿ ಹೇಳಿದನು: ಹಿಂದಿನ ಅರಸರ ಕಾಲದಲ್ಲಿ ಮೀನು ಹಿಡಿಯುವ ಹಕ್ಕು ಗುತ್ತಿಗೆಯಾಗಿದ್ದು, ಗುತ್ತಿಗೆ ಹಿಡಿದವನಿಗೆ ನಾಳಿನ ಮೀನಿನ ಚಿಂತೆಯೂ ಇರುತ್ತಿತ್ತು, ಆ ಗುತ್ತಿಗೆಯನ್ನು ತೆಗೆದು ಎಲ್ಲರಿಗೂ ಮುಕ್ತವೆಂದು ಸಾರಿದ ಆಂಗ್ಲ ಆಡಳಿತದ ಔದಾರ್ಯವೇ ನದಿಗಳನ್ನು ಬರಿದುಮಾಡಿತು. ಸ್ವಂತ ಸರ್ಕಾರದ ತಪ್ಪನ್ನು ಸರ್ಕಾರದ ಖರ್ಚಿನಲ್ಲಿಯೇ ಅಚ್ಚುಹಾಕಿಸಿದ ಈ ಧೈರ್ಯವನ್ನು ಮೆಚ್ಚಬೇಕು.

ಆದರೆ ಎಲ್ಲವನ್ನೂ ಮೆಚ್ಚಲಾಗದು. ಮೊಸಳೆ, ನೀರುನಾಯಿಗಳು ಆತನ ಪಾಲಿಗೆ ಮೀನಿನ ಶತ್ರುಗಳು ಮಾತ್ರ. ಅವನ್ನು ನಾಶಮಾಡಿದರೆ ಮೀನು ಹೆಚ್ಚುವುದೆಂಬ ಸರಳ ಲೆಕ್ಕವನ್ನು ಆತ ನಂಬಿದ್ದನು. ಅವು ಮೀನಿನೊಡನೆ ಯುಗಯುಗಗಳಿಂದ ಬಾಳಿದುವೆಂಬುದು ಆ ಲೆಕ್ಕದಲ್ಲಿ ಸೇರಲಿಲ್ಲ. ಗದ್ದೆಯ ನೀರಿನಲ್ಲಿ ಮರಿಮೀನು ಹಿಡಿದು ಒಂದು ಹೊತ್ತಿನ ಸಾರು ಮಾಡಿಕೊಳ್ಳುವ ಬಡವನ ಮೇಲೆ ಆತನ ಲೇಖನಿ ಕಟುವಾಗಿಯೇ ಹರಿಯುತ್ತದೆ. ಕಟ್ಟೆ ಒಂದು ಋತುವಿನಲ್ಲಿ ತಡೆದ ಮೀನಿಗ್ಗೂ ಕೂಣಿಯಲ್ಲಿ ಬಿದ್ದ ಮೀನಿಗ್ಗೂ ಇರುವ ಪ್ರಮಾಣದ ಅಂತರವನ್ನು ಆತ ಸಾಕಷ್ಟು ತೂಗಿದಂತೆ ನನಗೆ ತೋರುವುದಿಲ್ಲ. ಅದರ ಪರಿಣಾಮವನ್ನು ಮುಂದೆ ನೋಡುವೆವು.

1877ರ ಹೊತ್ತಿಗೆ ಡೇ ಸೇವೆಯಿಂದ ಬಿಡುಗಡೆ ಹೊಂದಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ ನೆಲಸಿದನು. ಹಿಂದೂದೇಶದ ಮೀನುಗಳೆಂಬ ಆತನ ಬೃಹದ್ಗ್ರಂಥ 1875ರಿಂದ 1878ರವರೆಗೆ ಕಂತುಗಳಾಗಿ ಪ್ರಕಟವಾಯಿತು. ಅದರ ಚಿತ್ರಫಲಕಗಳು ಇನ್ನೂರಕ್ಕೆ ಸಮೀಪ. ಒಂದೊಂದು ಹುರುಪೆಯನ್ನೂ ಎಣಿಸಿ ಬಿಡಿಸಿದಂತಿರುವ ಆ ಚಿತ್ರಗಳನ್ನು ನೋಡಿಯೇ ಇಂದಿಗೂ ಎಷ್ಟೋ ವಿದ್ಯಾರ್ಥಿಗಳು ಮೀನನ್ನು ಗುರುತಿಸಲು ಕಲಿಯುತ್ತಾರೆ. ಆದರೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಮೀನುಗಳ ಅಧಿಪತಿಯಾಗಿದ್ದ ಆಲ್ಬರ್ಟ್ ಗುಂಥರನಿಗೂ ಡೇಗೂ ಸರಿಬರಲಿಲ್ಲ. ಶೀಷೆಗಳಲ್ಲಿ ಬಂದ ಮೀನುಗಳನ್ನು ನೋಡಿ ಇಡೀ ಜಗತ್ತಿನ ಮೀನುಗಳ ಪಟ್ಟಿಯನ್ನು ಬರೆದವನು ಗುಂಥರ್. ನದಿಯ ದಡದಲ್ಲಿ ನಿಂತು ಬರೆದವನು ಡೇ. ಒಬ್ಬನ ತಪ್ಪನ್ನು ಇನ್ನೊಬ್ಬನು ಎತ್ತಿ ತೋರಿಸುವುದು ನಡೆದೇ ಇತ್ತು. ಈ ಮನಸ್ತಾಪದ ಫಲ ವಿಲಕ್ಷಣವಾದುದು. ಲಂಡನ್ನಿನಲ್ಲಿ 1883ರಲ್ಲಿ ನಡೆದ ಅಂತರರಾಷ್ಟ್ರೀಯ ಮೀನುಗಾರಿಕೆಯ ಪ್ರದರ್ಶನದ ಸಂದರ್ಭದಲ್ಲಿ ಡೇ ತನ್ನ ಸಂಗ್ರಹದ ದೊಡ್ಡದೊಂದು ಭಾಗವನ್ನು ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಮ್ಮಿಗೆ ಮಾರಿಬಿಟ್ಟನು. ಉಳಿದವು ಕಲ್ಕತ್ತೆಯಲ್ಲಿಯೂ ಯೂರೋಪಿನ ಹಲವು ಸಂಗ್ರಹಾಲಯಗಳಲ್ಲಿಯೂ ಚದುರಿದವು. ನಮ್ಮ ನದಿಗಳ ಮೀನಿನ ಮೂಲಪ್ರತಿಯನ್ನು ನೋಡಬೇಕೆಂಬ ವಿದ್ವಾಂಸನು ಈಗ ಸಾಗರವನ್ನು ದಾಟಿ ಸಿಡ್ನಿಗೆ ಬರೆದು ಕೇಳಬೇಕು.

ಬ್ರಿಟನ್ ಮತ್ತು ಐರ್ಲೆಂಡಿನ ಮೀನುಗಳ ಮೇಲೆಯೂ ಆತ ದೊಡ್ಡ ಗ್ರಂಥವನ್ನು ಬರೆದನು. 1885ರಲ್ಲಿ ಸರ್ಕಾರ ಸಿ.ಐ.ಇ. ಬಿರುದನ್ನಿತ್ತಿತು. ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತೆಂಬ ಮಾಲೆಗಾಗಿ ಎರಡು ಸಂಪುಟಗಳಲ್ಲಿ 1,400ಕ್ಕೂ ಹೆಚ್ಚು ಬಗೆಯ ಮೀನುಗಳನ್ನು ವಿವರಿಸಿ ಮುಗಿಸಿದನು. ಆ ಸಂಪುಟಗಳು ಪ್ರಕಟವಾದ 1889ರಲ್ಲಿಯೇ, ಜುಲೈ 10ರಂದು, ಚೆಲ್ಟನ್‌ಹ್ಯಾಮಿನಲ್ಲಿ ಹೊಟ್ಟೆಯ ಅರ್ಬುದ ವ್ಯಾಧಿಯಿಂದ ಕಣ್ಣುಮುಚ್ಚಿದನು. ಆಗ ಆತನಿಗೆ ಅರುವತ್ತು ವರ್ಷ.

ಕಾನೂನು ಬಂದುದು ಎಂಟು ವರ್ಷಗಳ ಅನಂತರ. 1897ರ ಮೀನುಗಾರಿಕೆಯ ಅಧಿನಿಯಮ ಸಿಡಿಮದ್ದು ಹಾಕಿ ಮೀನು ಕೊಲ್ಲುವವನಿಗೂ ನೀರಿಗೆ ವಿಷ ಕಲಸುವವನಿಗೂ ಎರಡು ತಿಂಗಳವರೆಗಿನ ಸೆರೆಯನ್ನೋ ಇನ್ನೂರು ರೂಪಾಯಿವರೆಗಿನ ದಂಡವನ್ನೋ ವಿಧಿಸಿತು. ಬಲೆಯ ಅಳತೆ ಮೊದಲಾದುವನ್ನು ಆಯಾ ಪ್ರಾಂತದ ಸರ್ಕಾರಗಳ ಇಚ್ಛೆಗೆ ಬಿಟ್ಟಿತು. ನೀರಾವರಿಯ ಅಣೆಕಟ್ಟಿನಲ್ಲಿ ಮೀನಿಗೆ ದಾರಿಯಿರಲೇಬೇಕೆಂಬ ಮಾತು ಅದರಲ್ಲಿ ಇಲ್ಲ. ಕಟ್ಟೆಯ ವಿಚಾರಣೆಗೆಂದು ಹುಟ್ಟಿದ ಶೋಧನೆ ಕೊನೆಗೆ ಕಾರೆಕಾಯಿ ಜಜ್ಜುವವನ ಮನೆಬಾಗಿಲಿಗೆ ಬಂದು ನಿಂತಿತು. ವಿಷ ಕೆಡುಕೇ, ಅದಕ್ಕೆ ದಂಡ ಬೇಡವೆಂದು ಯಾರೂ ಹೇಳರು. ಆದರೆ ಮೊದಲ ಪ್ರಶ್ನೆ ಮೊದಲಿದ್ದಲ್ಲಿಯೇ ಉಳಿಯಿತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸು ಸರ್ಕಾರ ಮೀನುಗಾರಿಕೆಯ ಇಲಾಖೆಯನ್ನು ತೆರೆದ ಕಾಲಕ್ಕೆ ಕೊಳ್ಳಿಡಂ ನದಿಯ ಕೆಳ ಅಣೆಕಟ್ಟಿನಲ್ಲಿ ಮೀನಿನ ಏಣಿಯೊಂದನ್ನು ಕಟ್ಟಿ ನೋಡಿದರು. ಯೂರೋಪಿನ ಸಾಲ್ಮನ್ ಮೀನು ಮೆಟ್ಟಿಲಿನಿಂದ ಮೆಟ್ಟಿಲಿಗೆ ನೆಗೆದು ಏರುತ್ತದೆ. ಹಿಲ್ಸಾ ನೆಗೆಯುವ ಜಾತಿಯಲ್ಲ. ಏಣಿ ನಿರುಪಯುಕ್ತವಾಯಿತು. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿದ ಮೇಲೆ ಕಾವೇರಿಯಲ್ಲಿ ಹಿಲ್ಸಾದ ಏರುವಿಕೆ ಹೇಳಹೆಸರಿಲ್ಲದಂತಾಯಿತು. ಸುಂದರಲಾಲ್ ಹೋರಾ 1940ರಲ್ಲಿ ಅಣೆಕಟ್ಟುಗಳನ್ನೂ ವಲಸೆಯ ಮೀನುಗಳನ್ನೂ ಕುರಿತು ಮತ್ತೆ ಬರೆದು ಎಚ್ಚರಿಸಿದರು. 1975ರಲ್ಲಿ ಫರಕ್ಕಾದ ಕಟ್ಟೆ ಕೆಲಸವನ್ನಾರಂಭಿಸಿದಾಗ ಗಂಗೆಯ ಮೇಲ್ದಂಡೆಯಲ್ಲಿ, ಅಲಹಾಬಾದಿನಾಚೆಗೂ, ಹಿಲ್ಸಾ ಹಿಡಿಯುತ್ತಿದ್ದವರ ಕಸುಬು ಮುರಿಯಿತು. ಧವಳೇಶ್ವರದ ಕೆಳಗೆ ಮಾತ್ರ ಪ್ರತಿ ಶ್ರಾವಣದ ನೆರೆಯಲ್ಲಿ ಪುಲಸ ಇಂದಿಗೂ ಬಂದು ಕಾಟನ್ನನ ಕಟ್ಟೆಯನ್ನು ಮುಟ್ಟುತ್ತದೆ. ಬರುವುದು ಕೆಲವೇ, ಒಂದೊಂದು ಮೀನೂ ಸಾವಿರಾರು ರೂಪಾಯಿಗೆ ಮಾರಾಟವಾಗುತ್ತದೆ.

ಈಗ ಒಂದು ನದಿಯ ಮೇಲೆ ಕಟ್ಟೆಯನ್ನೋ ವಿದ್ಯುತ್ತಿನ ಸ್ಥಾವರವನ್ನೋ ಯೋಜಿಸುವ ಮೊದಲು ಅಲ್ಲಿಯ ಮೀನುಗಳ ಸಮೀಕ್ಷೆಯಾಗಬೇಕೆಂಬ ನಿಯಮಗಳು ಬಂದಿವೆ. ನದಿಯಲ್ಲಿ ಬೇಸಗೆಗೆ ಎಷ್ಟು ನೀರು ಬಿಡಬೇಕೆಂಬುದನ್ನು ಮೀನಿನ ಅಗತ್ಯವನ್ನು ನೋಡಿ ಗೊತ್ತುಮಾಡುವ ಯತ್ನಗಳೂ ನಡೆದಿವೆ. ಹಾಗೆ ಸಮೀಕ್ಷೆಗೆ ಇಳಿದ ತರುಣರು ಬಲೆಗೆ ಬಿದ್ದ ಮೀನನ್ನು ಹೋಲಿಸಿ ನೋಡಲು ಮೊದಲು ತೆರೆಯುವುದು ಡೇಯ ಸಂಪುಟಗಳನ್ನೇ. ಮೀನು ಮೊದಲು ಎಲ್ಲೆಲ್ಲಿತ್ತು ಎಂಬುದಕ್ಕೆ ಹಳೆಯ ಸಾಕ್ಷಿಯಾಗಿ ದೊರೆಯುವುದು ಆತನ ಲೆಕ್ಕ. ಆತ 1870ರಲ್ಲಿ ದಕ್ಷಿಣ ಕನ್ನಡದಿಂದ ವಿವರಿಸಿದ ಒಂದು ಗೆಂಡೆ, ನೀರಿನ ಹುಲ್ಲುಸೊಪ್ಪುಗಳನ್ನು ಮೇದು ಬೆಳೆಯುವ ದೊಡ್ಡ ಮೀನು, ಒಂದು ಕಾಲಕ್ಕೆ ತುಂಗಭದ್ರೆಯಲ್ಲಿಯೂ ಧಾರಾಳವಾಗಿತ್ತು. 1953ರಲ್ಲಿ ತುಂಗಭದ್ರಾ ಜಲಾಶಯ ಆದ ಮೇಲಿನ ವರ್ಷಗಳಲ್ಲಿ ಬೆಸ್ತರ ಬಲೆಗೆ ಬೀಳುತ್ತಿದ್ದು, ಬರಬರುತ್ತ ಅಪರೂಪವಾಯಿತು. ಬೆಂಗಳೂರಿನ ಬಳಿಯ ಹೆಸರಘಟ್ಟದ ಸಂಶೋಧನಾ ಕೇಂದ್ರದಲ್ಲಿ ಅದನ್ನು ಕೊಳಗಳಲ್ಲಿ ಸಾಕಿ ಮರಿಮಾಡಿಸುವ ಕೆಲಸವನ್ನು ಕೈಗೊಂಡರು. ಅದರ ಕುಲದ ಹೆಸರನ್ನು ವಿದ್ವಾಂಸರು ಈಚೆಗೆ ಬದಲಿಸಿದ್ದಾರೆ. ಅದರ ಮುಂದೆ ಕಂಸದೊಳಗೆ ಬರೆಯುವ ಡೇ, 1870 ಎಂಬುದು ಮಾತ್ರ ಹಾಗೆಯೇ ಇದೆ.